ಬಲಗಣ್ಣಿನ ಗಾಜು

ಹೇಳುವುದಿದ್ದರೆ ದೋಣಿಯಲ್ಲೇ ಹೇಳಿ ಮುಗಿಸಬೇಕಿತ್ತು ಎಂದು ಬಂಡೆಯ ಮೇಲೆ ಕಾಲೂರಿದ ಮೇಲೆ ಅವನಿಗೆ ಅನ್ನಿಸಿತು. ದೋಣಿಯಲ್ಲಿದ್ದಾಗ, ಬಂಡೆಗೆ ಹೋದ ಮೇಲೆ ಹೇಳಿದರಾಯಿತು ಅನ್ನಿಸಿತ್ತು. ಇಂಜಿನ್ನಿನ ಗಲಾಟೆಯ ನಡುವೆ ಇಂಥ ಮಾತನ್ನು ಕೂಗಿ ಹೇಳುವುದು ಹೇಗೆ. ಅದಕ್ಕೂ ಮೊದಲು, ನಸುಕಿನಲ್ಲಿ ಮಾವನ ಮನೆಯ ಮೆಟ್ಟಿಲ ಬಳಿ ಗಾಳದ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ, ಎಪ್ಪತ್ತು ದಾಟಿದವರಿಗೆ ಬರಿಹೊಟ್ಟೆಯಲ್ಲಿ ಕೆಟ್ಟ ಸುದ್ದಿ ಹೇಳಬಾರದು ಅನ್ನಿಸಿತ್ತು. ಹೀಗೆ ಗುರುವಾರದಿಂದ ಭಾನುವಾರದವರೆಗೆ ಗಳಿಗೆಗೊಂದು ನೆಪ ಸಿಕ್ಕಿತ್ತು, ಮತ್ತು ಪ್ರತಿಯೊಂದೂ ಎದುರಿನವರ ಮೇಲಿನ ಕಾಳಜಿಯ ವೇಷ ಹಾಕಿಕೊಂಡೇ ಬಂದಿತ್ತು. ಈಗ ದೋಣಿ ಹಿಂದಕ್ಕೆ ಸರಿದು, ತಿರುಗಿ, ಹೊಗೆ ಬಿಟ್ಟುಕೊಂಡು ಹೊರಟಿತ್ತು. ಮತ್ತೆ ಬರುವುದು ಮಧ್ಯಾಹ್ನ ಮೂರಕ್ಕೆ. ಸುತ್ತಲೂ ನೀರು, ಊರು ದಡದ ಮೇಲೆ ಅರ್ಧ ಅಳಿಸಿದ ಬಳಪದ ಗೆರೆಯಷ್ಟು. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಕಡೆ ಬಂದು ನಿಂತಿದ್ದೇನೆ, ಅದೇ ಒಳ್ಳೆಯದಾಯಿತು ಎಂದುಕೊಂಡ. ಆಮೇಲೆ ನೋಡಿದರೆ ಅಲ್ಲೂ ಬೇಕಾದಷ್ಟು ದಾರಿಗಳಿದ್ದವು: ಸಿಗಡಿಯ ಡಬ್ಬಿ ಬಿಚ್ಚುವುದು, ಎರೆಯ ಹಿಟ್ಟು ಕಲೆಸುವುದು, ದಾರದ ಸಿಕ್ಕು ಬಿಡಿಸುವುದು. ಸಿಕ್ಕು ಇಲ್ಲದ ದಾರಕ್ಕೂ ಅವನು ಹತ್ತು ನಿಮಿಷ ಕೊಟ್ಟ.

ಬಂಡೆ ಎಂದು ಎಲ್ಲರೂ ಕರೆಯುತ್ತಿದ್ದರೂ ಅದು ಒಂದೇ ಬಂಡೆಯಲ್ಲ, ಕಡಲಿನ ಬೆನ್ನುಮೂಳೆಯ ಹಾಗೆ ಎದ್ದ ಕರಿಕಲ್ಲಿನ ಸಾಲು. ನಿಂತು ಗಾಳ ಹಾಕುವ ಜಾಗ ಅದರಲ್ಲಿ ಐದೇ, ಆದ್ದರಿಂದ ಜನವೂ ಐದೇ. ಅಂಚೆ ಮಾಸ್ತರು, ಕ್ಷೌರದಂಗಡಿಯವನು, ಬೇಕರಿಯವನು, ಮಾವ, ಮತ್ತು ಮಾವನ ಶಿಫಾರಸಿನಿಂದ ಎಲ್ಲಕ್ಕಿಂತ ಕೆಟ್ಟ ಮೂಲೆ ಗಿಟ್ಟಿಸಿದ ಅವನು. ಒಬ್ಬರು ಬಿಟ್ಟರೆ ಮಾತ್ರ ಇನ್ನೊಬ್ಬರಿಗೆ ಜಾಗ. ಬಿಡುವವರು ಹಿಂದಿರುಗುವಾಗ ದೋಣಿಯಲ್ಲಿ, ದಡ ಮುಟ್ಟುವ ಮೊದಲು, ಉಳಿದವರ ಎದುರಿಗೆ ಅದನ್ನು ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ಮಾತು ವಾಪಸಿಲ್ಲ. ಈ ನಿಯಮ ಯಾರು ಮಾಡಿದರೋ ಗೊತ್ತಿಲ್ಲ, ಆದರೆ ಹಿಂದೊಮ್ಮೆ ದೊಡ್ಡ ಮೀನು ದಾರ ಕಿತ್ತುಕೊಂಡು ಹೋದ ಸಿಟ್ಟಿನಲ್ಲಿ ಸಾಕಪ್ಪಾ ಈ ಬಂಡೆಯ ಸಹವಾಸ ಎಂದ ದರ್ಜಿಯೊಬ್ಬ ಹನ್ನೊಂದು ವರ್ಷಗಳಿಂದ ದಡದ ಕಟ್ಟೆಯ ಮೇಲೆ ಕೂತೇ ಗಾಳ ಹಾಕುತ್ತಿದ್ದ. ಔಷಧಿ ಅಂಗಡಿಯವನು ಮೂರು ವರ್ಷಗಳಿಂದ ಸರದಿಯಲ್ಲಿ ಕಾಯುತ್ತಿದ್ದ, ಐವರ ಆರೋಗ್ಯವನ್ನು ಬಹಳ ಆಸಕ್ತಿಯಿಂದ ವಿಚಾರಿಸುತ್ತಿದ್ದ. ಇವತ್ತು ಮೂರು ಗಂಟೆಯ ದೋಣಿಯಲ್ಲಿ ಮಾವ ಆ ಮಾತು ಹೇಳುವವರಿದ್ದರು. ಶುಕ್ರವಾರವೇ ದೋಣಿಯವನಿಗೆ ಸೂಚನೆ ಕೊಟ್ಟಿದ್ದರು. ನಲವತ್ತು ವರ್ಷ ನಿಂತ ಜಾಗ. ಅದೂ ಯಾಕೆ, ಅವನು ಉಜ್ಜಿ ಕೂರಿಸಿದ ಒಂದು ಗಾಜಿನ ದೆಸೆಯಿಂದ. ಅದು ಮಾವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಅವನೊಬ್ಬನೇ, ಸಿಗಡಿಯ ಸಿಪ್ಪೆ ಸುಲಿಯುತ್ತ ಕೂತಿದ್ದ.

ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯವನು. ಮುಂದಿನ ಕೋಣೆಯಲ್ಲಿ ಕನ್ನಡಿ, ಬೆಳಕು, ಗಿರಾಕಿಗಳ ನಗು. ಹಿಂದಿನದರಲ್ಲಿ ಸಾಣೆಚಕ್ರ, ನೀರಿನ ತೊಟ್ಟಿ, ಬಿಳಿ ಕೆಸರು. ಹದಿನಾರು ವರ್ಷಗಳಲ್ಲಿ ಅವನ ಕೈಯಿಂದ ಒಂದು ತಪ್ಪೂ ಆಚೆ ಹೋಗಿಲ್ಲವೆಂದು ಯಜಮಾನರು ಹೆಮ್ಮೆಯಿಂದ ಹೇಳುತ್ತಿದ್ದರು. ಅದಕ್ಕೆ ಕಾರಣ ಜಾಣತನವಲ್ಲ, ಭಯ ಎಂಬುದು ಅವನಿಗಷ್ಟೇ ಗೊತ್ತಿತ್ತು. ಮೂರು ತಿಂಗಳ ಹಿಂದೆ ಮಾವನ ಹೊಸ ಕನ್ನಡಕ ಅವನ ಮೇಜಿಗೆ ಬಂತು. ಬಲಗಣ್ಣಿಗೆ ಓರೆ ತಿದ್ದುವ ಗಾಜು ಎಂದು ವೈದ್ಯರು ಬರೆದಿದ್ದರು. ಅಂಥ ಗಾಜನ್ನು ಚೀಟಿಯಲ್ಲಿರುವ ಕೋನಕ್ಕೇ ಕೂರಿಸಬೇಕು, ಮೂವತ್ತು ಅಂದರೆ ಮೂವತ್ತು. ಅಳತೆಯ ಯಂತ್ರದ ಮೇಲಿಟ್ಟು, ಕೋನ ನೋಡಿ, ಚೌಕಟ್ಟಿನಲ್ಲಿ ಹೇಗೆ ಕೂರಬೇಕೆಂಬ ಗುರುತಿಗೆ ಶಾಯಿಯ ಮೂರು ಚುಕ್ಕೆ ಇಡುವುದು ಕ್ರಮ. ಇಡುವ ಮೊದಲು, ಮಾವನ ಗಾಜಲ್ಲವೇ ಎಂದು ಇನ್ನೊಮ್ಮೆ ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ. ಒರೆಸಿ ವಾಪಸ್ ಇಟ್ಟದ್ದು ಬೋರಲು. ಬೋರಲಾದ ಗಾಜಿನಲ್ಲಿ ಕೋನ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗುತ್ತದೆ. ಅಲ್ಲಿ ಮೂವತ್ತು ಎಂದು ಕಂಡದ್ದು ಮೂಗಿನ ಮೇಲೆ ಕೂತಾಗ ನೂರೈವತ್ತು. ಬೇರೆ ಯಾರದ್ದೋ ಆಗಿದ್ದರೆ ಮತ್ತೊಮ್ಮೆ ಒರೆಸುತ್ತಿರಲಿಲ್ಲ, ತಪ್ಪೂ ಆಗುತ್ತಿರಲಿಲ್ಲ. ಮುಗಿದ ಮೇಲೆ ಪುನಃ ಯಂತ್ರಕ್ಕಿಟ್ಟು ನೋಡುವ ಅಭ್ಯಾಸವಿತ್ತು. ಅವತ್ತು ಮಾವ ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದರು, ಹಿರಿಯರನ್ನು ಕಾಯಿಸಬಾರದೆಂದು ಎತ್ತಿಕೊಂಡು ಓಡಿದ್ದ. ಇಷ್ಟೆಲ್ಲ ಮರ್ಯಾದೆ ತೋರಿಸಿ ಒಬ್ಬ ಮನುಷ್ಯನ ಕಣ್ಣು ಕೆಡಿಸಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ಅಳಿಯಂದ್ರೆ, ಸಿಗಡಿನ ಮೀನಿಗೆ ಹಾಕ್ತೀರೋ, ಸಾಕ್ಕೊಳ್ತೀರೋ?" ಎಂದರು ಮಾವ. ಅವನು ಗಡಬಡಿಸಿ ಎದ್ದು ಗಾಳಕ್ಕೆ ಸಿಗಡಿ ಚುಚ್ಚಿದ. ಮಾವ ಆಗಲೇ ಉದ್ದ ಹಿಡಿಯ ಚಮಚದಿಂದ ಎರೆಯ ಹಿಟ್ಟನ್ನು ನೊರೆಯ ಅಂಚಿಗೆ ಎಸೆದು, ಅದರ ಹಿಂದೆಯೇ ಗಾಳ ಬಿಟ್ಟಿದ್ದರು. ಎಸೆದ ಹಿಟ್ಟು ನೀರಿನಲ್ಲಿ ಮೋಡದ ಹಾಗೆ ಬಿಚ್ಚಿಕೊಳ್ಳುತ್ತ ಸೆಳೆತದ ಜೊತೆ ಸಾಗಬೇಕು, ಬೆಂಡಿನ ಕೆಳಗೆ ತೂಗುವ ಸಿಗಡಿಯೂ ಆ ಮೋಡದ ಮಧ್ಯೆಯೇ ಸಾಗಬೇಕು, ಆಗ ಮೀನಿಗೆ ಅನುಮಾನ ಬರುವುದಿಲ್ಲ. ಕೈಯ ಕೆಲಸ ಇಷ್ಟೇ, ಉಳಿದದ್ದೆಲ್ಲ ಕಣ್ಣಿನದು. ಬೆಂಡು ಅಲ್ಲಾಡುವುದು ಬೇರೆ, ಒರಗುವುದು ಬೇರೆ, ಮುಳುಗುವುದು ಬೇರೆ. ಮಾವ ಜೀವನವಿಡೀ ಅಂಗಡಿಗಳ ಫಲಕ ಬರೆದವರು. ಅಳತೆಪಟ್ಟಿ ಮುಟ್ಟದೆ ಎಂಟು ಅಡಿ ನೇರ ಗೆರೆ ಎಳೆಯುತ್ತಿದ್ದರು. ಎದುರಿನ ಬೀದಿಯಿಂದ ನೋಡಿ, ನಿನ್ನ ಬಾಗಿಲು ಬಲಕ್ಕೆ ಒಂದು ಬೆರಳು ಇಳಿದಿದೆ ಎಂದು ಅಂಗಡಿಯವರಿಗೆ ಹೇಳಿ ಅವರ ನಿದ್ದೆ ಕೆಡಿಸುತ್ತಿದ್ದರು. ಅಂಥವರು ಈ ಮೂರು ತಿಂಗಳಲ್ಲಿ ನೆಲ ಓರೆಯಾಗಿದೆ ಎನ್ನತೊಡಗಿದ್ದರು, ಲೋಟದ ಪಕ್ಕಕ್ಕೆ ಚಹಾ ಸುರಿದಿದ್ದರು, ಬೆಂಡಿಗೆ ಬಾಲ ಬಂದಿದೆ ಎಂದು ನಗೆಯಾಡಿ ಆಮೇಲೆ ನಗುವುದನ್ನೂ ಬಿಟ್ಟಿದ್ದರು. ಮತ್ತೆ ಕಣ್ಣಿನ ವೈದ್ಯರ ಹತ್ತಿರ ಹೋಗೋಣವೆಂದು ಮಗಳು ಹೇಳಿದರೆ, ಏನಕ್ಕೆ, ಕನ್ನಡಕ ಅಳಿಯಂದಿರು ಮಾಡಿದ್ದು, ಅದರಲ್ಲಿ ತಪ್ಪಿರುವುದಿಲ್ಲ, ಕಣ್ಣೇ ಮುಗಿದಿರಬೇಕು ಎಂದುಬಿಟ್ಟರು. ಆ ಮಾತು ಅವನ ಕಿವಿಗೆ ಮೊದಲು ಹೊಗಳಿಕೆಯಾಗಿ ಕೇಳಿಸಿತ್ತು. ಗುರುವಾರ ಕನ್ನಡಕದ ತಿರುಪು ಸಡಿಲವಾಗಿದೆಯೆಂದು ಅವರು ಅಂಗಡಿಗೆ ಕಳಿಸಿದರು; ಬಿಗಿ ಮಾಡಿ, ಸುಮ್ಮನೆ ಅಭ್ಯಾಸಬಲದಿಂದ ಯಂತ್ರದ ಮೇಲಿಟ್ಟ. ನೂರೈವತ್ತು. ಸಾಣೆಚಕ್ರ ನಿಂತ ಮೇಲೂ ಕಿವಿಯೊಳಗೆ ಏನೋ ತಿರುಗುತ್ತಿತ್ತು. ಅವನು ಏನು ಮಾಡಿದ ಎಂದರೆ, ಕನ್ನಡಕವನ್ನು ಚೆನ್ನಾಗಿ ಒರೆಸಿ, ತಿರುಪು ಸರಿಯಾಗಿದೆ ಎಂದು ಚೀಟಿ ಬರೆದು, ವಾಪಸ್ ಕಳಿಸಿದ.

ಅವತ್ತೇ ಹೊಸ ಗಾಜಿಗೆ ಹೇಳಿಕಳಿಸಿದ್ದ. ಸೋಮವಾರ ಅದು ಬರುತ್ತದೆ, ಇನ್ನೇನಾದರೂ ನೆಪ ಹೇಳಿ ಕನ್ನಡಕ ತರಿಸಿಕೊಂಡು ಸದ್ದಿಲ್ಲದೆ ಬದಲಿಸಿದರೆ ಮಾವನ ಕಣ್ಣು ತಾನಾಗಿಯೇ ಸರಿಹೋದ ಹಾಗಾಗುತ್ತದೆ, ಯಾರಿಗೂ ನೋವಿಲ್ಲ ಎಂಬುದು ಅವನ ಯೋಜನೆಯಾಗಿತ್ತು. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಮಾವ ಈ ಭಾನುವಾರವೇ ಕೊನೆ ಎಂದರು. ಅವನ ಹೆಂಡತಿ ತಟ್ಟೆ ಬಿಟ್ಟು ಒಳಗೆ ಹೋಗಿ ಅತ್ತಳು. ಆಗ ಅವನು ಹೇಳಬೇಕಿತ್ತು. ಹೇಳಿದ ಕೂಡ, ಆದರೆ ಹೇಳಿದ್ದು ಬೇರೆ: ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ ಅಲ್ಲವೇ ಎಂದ. ಈಗ ಬಂಡೆಯ ಮೇಲೆ, ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತಿರುವಾಗ, ಆ ವಾಕ್ಯ ಇನ್ಯಾರದೋ ಬಾಯಿಂದ ಬಂದಂತೆ ಸ್ಪಷ್ಟವಾಗಿ ಕೇಳಿಸಿತು, ಅದರ ಕೊನೆಯ ಅಲ್ಲವೇ ಸಮೇತ. ಅವನು ಮಾವನ ಬೆಂಡನ್ನೇ ನೋಡುತ್ತಿದ್ದ. ಕಿತ್ತಳೆ ಬಣ್ಣದ ಆ ಬೆಂಡು ಅಲೆಯ ಹಿಂದೆ ಅಡಗಿ, ಎದ್ದು, ಒರಗಿ, ಸಟಕ್ಕನೆ ಮುಳುಗಿತು. ಮಾವ ಅದರ ಒಂದು ಮೊಳ ಆಚೆ ನೋಡುತ್ತ ನಿಂತಿದ್ದರು. ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಅವನದೇ ಕೋಲು ಕೈಯಿಂದ ಜಾರಿ ಕಲ್ಲಿನ ಮೇಲೆ ಸರಸರ ಹರಿಯಿತು. ಮಾವನ ಬೆಂಡು ಕಾಯುತ್ತಿದ್ದವನಿಗೆ ತನ್ನ ಬೆಂಡು ಯಾವಾಗ ಮುಳುಗಿತೆಂದು ಗೊತ್ತೇ ಆಗಿರಲಿಲ್ಲ. ಬೇಕರಿಯವನು ಧಪ್ಪನೆ ಬಿದ್ದು ಕೋಲಿನ ತುದಿ ಹಿಡಿದ, ಕ್ಷೌರದಂಗಡಿಯವನು ಬೇಕರಿಯವನ ಕಾಲು ಹಿಡಿದ, ಮೀನು ಮಾತ್ರ ಯಾರ ಕೈಗೂ ಸಿಗದೆ ಹೋಯಿತು. ಬಂಡೆಗೆ ಬಂದರೆ ಮೀನು ಹಿಡಿಯುವುದು ವಾಡಿಕೆ, ಕೋಲು ಹಿಡಿಯುವ ಪರಿಸ್ಥಿತಿ ಇದೇ ಮೊದಲು ಎಂದರು ಅಂಚೆ ಮಾಸ್ತರು. ಎಲ್ಲರೂ ನಕ್ಕರು. ಅವನಿಗೆ ಆ ನಗು ಎಷ್ಟು ಹಿತವೆನ್ನಿಸಿತೆಂದರೆ, ಜೊತೆಗೆ ಒಂದಿಷ್ಟು ಬೈದಿದ್ದರೂ ಚೆನ್ನಾಗಿತ್ತು ಎನ್ನಿಸಿತು. ಬೈದರೆ ಅದು ಗಾಜಿನ ತಪ್ಪಿನ ಲೆಕ್ಕಕ್ಕೆ ಜಮೆಯಾಗುತ್ತದೆ ಎನ್ನುವ ಹಾಗೆ.

ಹೊತ್ತೇರಿತು. ನೀರು ಹಸಿರಾಯಿತು, ಆಮೇಲೆ ಕಣ್ಣು ಕುಕ್ಕುವ ತಗಡಾಯಿತು. ಬೇಕರಿಯವನು ತಂದ ಬ್ರೆಡ್ಡನ್ನು ಎಲ್ಲರೂ ಸಿಗಡಿಯ ವಾಸನೆಯ ಕೈಯಲ್ಲೇ ತಿಂದರು. ಮಾವ ಕೊನೆಯ ದಿನವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅವರೊಡನೆ ಆಸ್ಪತ್ರೆಗೆ ನೋಡಲು ಬಂದವರಂತೆ ಮೆದುವಾಗಿ ಮಾತಾಡುತ್ತಿದ್ದರು. ಅಂಚೆ ಮಾಸ್ತರು ತಮ್ಮ ಒಳ್ಳೆಯ ಜಾಗವನ್ನು ಒಂದು ಗಂಟೆಯ ಮಟ್ಟಿಗೆ ಬಿಟ್ಟುಕೊಡುತ್ತೇನೆಂದರು. ನಲವತ್ತು ವರ್ಷದಲ್ಲಿ ಕೊಡದಿದ್ದವರು ಈಗ ಕೊಡುತ್ತಿದ್ದಾರೆಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆ ಅಂತಾಯ್ತು ಎಂದು ಮಾವ ನಕ್ಕರು. ನಗುತ್ತಲೇ ಮೂರು ಮೀನು ಕಳೆದುಕೊಂಡರು. ಪ್ರತಿ ಸಲವೂ ಕೋಲು ಎಳೆದದ್ದು ತಡವಾಗಿ, ಖಾಲಿ ಗಾಳ ಗಾಳಿಯಲ್ಲಿ ಹೊಳೆದು ಬಂಡೆಗೆ ಬಡಿಯಿತು. ನಾಲ್ಕನೆಯ ಸಲ ಅವರು ದಾರ ಸುತ್ತಿ, ಕೋಲಿನ ತುಂಡುಗಳನ್ನು ಬಿಚ್ಚತೊಡಗಿದರು. ಎರಡು ಗಂಟೆಯೂ ಆಗಿರಲಿಲ್ಲ. ಸೆಳೆತ ತಿರುಗುವ ಮೊದಲಿನ ಈ ಹೊತ್ತೇ ದಿನದ ಒಳ್ಳೆಯ ಹೊತ್ತು, ಆಗ ಅವರು ಕೋಲು ಬಿಚ್ಚಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಬಟ್ಟೆಯ ಮಡಿಕೆ ಬಿಡಿಸಿ ಒಂದೊಂದೇ ತುಂಡನ್ನು ಅದರ ಮೇಲೆ ಮಲಗಿಸುತ್ತಿದ್ದ ಆ ಕೈಗಳು ಗೆರೆ ಎಳೆಯುವ ಕೈಗಳ ಹಾಗೆಯೇ ಒಂದಿಷ್ಟೂ ನಡುಗುತ್ತಿರಲಿಲ್ಲ. ಅವನ ಕಾಲುಗಳು ತಾವಾಗಿ ಎದ್ದು ಕಲ್ಲಿಂದ ಕಲ್ಲಿಗೆ ದಾಟಿದವು. ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ವಾಕ್ಯಗಳು, ಕ್ಷಮೆ ಕೇಳುವ ಪೀಠಿಕೆ, ಯಂತ್ರದ ವಿವರಣೆ, ಎಲ್ಲವೂ ಹಿಂದಿನ ಕಲ್ಲಿನ ಮೇಲೇ ಉಳಿದವು.

"ಮಾವ, ಕಣ್ಣಲ್ಲ" ಎಂದ.

"ಏನು ಕಣ್ಣಲ್ಲ?"

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಗಾಜು ತಪ್ಪಾಗಿದೆ. ನಾನೇ ತಪ್ಪಾಗಿ ಕೂರಿಸಿದ್ದು. ಗುರುವಾರದಿಂದ ಗೊತ್ತಿತ್ತು ನಂಗೆ."

ಮಾವ ಅವನನ್ನು ನೋಡಿದರು. ಅಥವಾ ಅವನ ಒಂದು ಮೊಳ ಆಚೆ ನೋಡಿದರೋ ಏನೋ. ಒಂದು ಅಲೆ ಬಂದು ಕಲ್ಲಿನ ಬಿರುಕಿನೊಳಗೆ ಹೊಕ್ಕು, ಅಲ್ಲಿ ಏನನ್ನೋ ಹುಡುಕಿ, ಸಿಗದೆ, ಹೊರಗೆ ಬಂತು. "ಎರಡೂ ಕಡೆದಾ, ಒಂದೇನಾ?" ಎಂದು ಕೇಳಿದರು. ಒಂದೇ, ಬಲಗಣ್ಣಿಂದು ಎಂದ. ಮಾವನ ಬಲಗೈ ಮೇಲೆದ್ದಿತು. ಹೊಡೆಯುತ್ತಾರೆ ಎಂದುಕೊಂಡು ಅವನು ಕನ್ನಡಕವಿಲ್ಲದ ತನ್ನ ಮುಖವನ್ನು ಸ್ವಲ್ಪ ಮುಂದೆ ತಂದ, ಅವರಿಗೆ ಅನುಕೂಲವಾಗಲಿ ಎಂಬಂತೆ. ಕೈ ಅವನತ್ತ ಬರಲಿಲ್ಲ. ಅಂಗೈ ಅವರ ಬಲಗಣ್ಣನ್ನೇ ಮುಚ್ಚಿತು. ಎಡಗಣ್ಣಿನಿಂದ ಅವರು ಬೇಕರಿಯವನ ಬೆಂಡನ್ನು ನೋಡಿದರು. ಆಮೇಲೆ ಅದರಾಚೆಯ ಹಕ್ಕಿಯನ್ನು, ದಡವನ್ನು. ಕೈ ತೆಗೆದರು, ಮತ್ತೆ ಮುಚ್ಚಿದರು. ಮೂರು ತಿಂಗಳಲ್ಲಿ ಇಷ್ಟು ಸುಲಭದ ಪರೀಕ್ಷೆ ಅವರಿಗೂ ಹೊಳೆದಿರಲಿಲ್ಲ; ತಪ್ಪಿರಬಹುದು ಎಂಬ ಅನುಮಾನವಿದ್ದವರಿಗಲ್ಲವೇ ಪರೀಕ್ಷೆ ಹೊಳೆಯುವುದು. ಕ್ಷೌರದಂಗಡಿಯವನು ಆರೇಳು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ಅವನ ಕಾಲರಿನ ಹೊಲಿಗೆ ಬಿಟ್ಟಿದೆ" ಎಂದರು ಮಾವ. ಅಂಗೈ ಕೆಳಗಿಳಿಸಿ, "ಮೂರು ತಿಂಗಳು ನನ್ನ ಕಣ್ಣನ್ನ ನಾನೇ ಬೈಕೊಂಡು ಓಡಾಡಿದೆ ಕಣೋ" ಎಂದರು.

ಮದುವೆಯಾದ ಒಂಬತ್ತು ವರ್ಷಗಳಲ್ಲಿ ಅವರು ಅವನನ್ನು ಹಾಗೆ ಕರೆದದ್ದೇ ಇಲ್ಲ. ಅಳಿಯಂದಿರ ಪೀಠದಿಂದ ತಳ್ಳಿಸಿಕೊಂಡು ಬಿದ್ದ ಹಾಗಾಯಿತು. ಬಿದ್ದ ಜಾಗ ಮಾತ್ರ ಪೀಠಕ್ಕಿಂತ ಬೆಚ್ಚಗಿತ್ತು. ಗುರುವಾರವೇ ಹೇಳುವುದಕ್ಕೆ ನಿನಗೇನಾಗಿತ್ತು ಎಂದು ಕೇಳಿದರು. ಹೆದರಿದ್ದೆ ಎಂದ. ನನಗಾ ಎಂದರು. ಅವನು ಯೋಚಿಸಿ, ಪ್ರಾಮಾಣಿಕವಾಗಿ, ಎಲ್ಲದಕ್ಕೂ ಎಂದ. ಮಾವ ಕನ್ನಡಕವನ್ನು ಮೂಗಿನ ಮೇಲೆ ನೆಟ್ಟಗೆ ಕೂರಿಸಿಕೊಂಡರು.

"ಗಾಜು ತಪ್ಪಿದ್ದಕ್ಕೆ ನಂಗೆ ಸಿಟ್ಟಿಲ್ಲ. ಕೈ ಇದ್ಮೇಲೆ ತಪ್ಪುತ್ತೆ. ಗೊತ್ತಿದ್ದೂ ನನ್ನ ಮಗಳನ್ನ ಅಳೋಕೆ ಬಿಟ್ಟೆಯಲ್ಲ, ಅದಕ್ಕಿದೆ ಸಿಟ್ಟು. ಅದನ್ನ ದಡಕ್ಕೆ ಹೋದ್ಮೇಲೆ ಅವಳ ಮುಂದೇನೇ ಇಟ್ಕೊಳ್ಳೋಣ. ಈಗ ಆ ಕೋಲು ಜೋಡಿಸು, ಸೆಳೆತ ತಿರುಗೋಕೆ ಇನ್ನು ಒಂದು ಗಂಟೆನೂ ಇಲ್ಲ."

ಅವನು ಜೋಡಿಸಿದ. ಬೆರಳುಗಳು ಎಷ್ಟು ಹಗುರಾಗಿದ್ದವೆಂದರೆ ತುಂಡುಗಳು ತಾವಾಗಿ ಒಂದರೊಳಗೊಂದು ಕೂತವು. ಬಲಗಣ್ಣೊಂದನ್ನೇ ಮುಚ್ಚಿಕೊಂಡಿರುವುದು ಕಷ್ಟವಾಗಿ, ಮಾವ ಡಬ್ಬಿಯಿಂದ ಎರೆಯ ಹಿಟ್ಟು ಒಂದು ಚಿಟಿಕೆ ತೆಗೆದು ಬಲಗಡೆಯ ಗಾಜಿಗೆ ಹೆಬ್ಬೆರಳಿನಿಂದ ಮೆತ್ತಿಕೊಂಡರು. ಅವನು ಎಷ್ಟೋ ಹೊತ್ತು ಉಜ್ಜಿ ಹೊಳಪು ಕೊಟ್ಟ ಗಾಜು. ಅದರ ಮೇಲೆ ಹಸಿ ಸಿಗಡಿಯ ವಾಸನೆಯ ಹಿಟ್ಟು ಕೂತದ್ದನ್ನು ನೋಡಿ, ಈ ಗಾಜಿಗೆ ಇದಕ್ಕಿಂತ ನ್ಯಾಯವಾದ ಶಿಕ್ಷೆ ಸಿಗದು ಎಂದುಕೊಂಡ. ಮೊದಲ ಎಸೆತದಲ್ಲೇ ಬೆಂಡು ಒರಗಿತು. ಮಾವ ಎಳೆಯಲಿಲ್ಲ. ಮುಳುಗಿತು, ಎಳೆದರು, ಕೋಲು ಬಿಲ್ಲಾಯಿತು. ಕರಿಬೆನ್ನಿನ, ಮೊಣಕೈಯಷ್ಟುದ್ದದ ಮೀನು ನೊರೆಯಲ್ಲಿ ಹೊರಳಿ ಬಂದಾಗ ಅವನು ಬುಟ್ಟಿಬಲೆ ಹಿಡಿದು ಮಂಡಿಯವರೆಗೆ ನೀರಿಗಿಳಿದ, ತನ್ನ ಹೊಸ ಚಪ್ಪಲಿಯ ನೆನಪೂ ಆಗದೆ. ಹಿಂದೆಯೇ ಎರಡನೆಯದು ಬಂತು. ಮೂರನೆಯದಕ್ಕೆ ಅಂಚೆ ಮಾಸ್ತರು ತಮ್ಮ ಕೋಲು ಕೆಳಗಿಟ್ಟು ನೋಡಲು ಬಂದರು, ಕನ್ನಡಕಕ್ಕೆ ಅದೇನು ಅಂಟಿಕೊಂಡಿದೆ ಎಂದು ಕೇಳಿದರು. "ಎರೆ" ಎಂದರು ಮಾವ ಬೆಂಡಿನಿಂದ ಕಣ್ಣು ತೆಗೆಯದೆ. "ಗಾಳಕ್ಕೆ ಹಾಕಿದ್ರೆ ಸಣ್ಣವು ಬರ್ತಿದ್ವು." ಅಂಚೆ ಮಾಸ್ತರು ಹೋಗುವಾಗ ತಮ್ಮ ಡಬ್ಬಿಯ ಹಿಟ್ಟನ್ನು ಒಮ್ಮೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಯೋಚನೆಯಿಂದ ನೋಡಿದರು.

ದೋಣಿ ಮೂರಕ್ಕೆ ಬಂತು. ಬಂಡೆ ಹಿಂದೆ ಸರಿದು ಸಣ್ಣದಾದ ಮೇಲೆ ದೋಣಿಯವನು ಇಂಜಿನ್ನಿನ ವೇಗ ತಗ್ಗಿಸಿದ. ಬಿಡುವ ಮಾತು ಹೇಳುವವರಿದ್ದಾಗ ಹಾಗೆ ಮಾಡುವುದು ರೂಢಿ. ಬೇಕರಿಯವನು ಆಗಲೇ ತಲೆ ತಗ್ಗಿಸಿದ್ದ. ಏನೋ ಹೇಳೋದಿದೆ ಅಂದಿದ್ರಿ ಎಂದ ದೋಣಿಯವನು. ಮಾವ ಹಿಟ್ಟಿನ ಗಾಜನ್ನು ನೀರಿನ ಕಡೆಗೆ ತಿರುಗಿಸಿಕೊಂಡು, ಏನಿಲ್ಲಪ್ಪ, ಕಣ್ಣು ಯಾಕೋ ತಾನಾಗೇ ಸರಿಹೋಯ್ತು, ನಾನೆಲ್ಲೂ ಹೋಗಲ್ಲ ಎಂದರು. ಅಂಚೆ ಮಾಸ್ತರು ಅವರ ಬೆನ್ನು ತಟ್ಟಿದರು. ಅವನಿಗೆ ಒಂದು ಕ್ಷಣ ಮೈ ಹಗುರಾಯಿತು, ಮರುಕ್ಷಣವೇ ಅರ್ಥವಾಯಿತು: ಇದು ಅವನೇ ಗುರುವಾರ ಹೆಣೆದ ಸುಳ್ಳು, ಅಕ್ಷರವೂ ಬದಲಾಗದೆ, ಈಗ ಬಳುವಳಿಯಾಗಿ ಕೈಗೆ ಬರುತ್ತಿದೆ. ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ. ಹದಿನಾರು ವರ್ಷದ ಹೆಸರು ಹಾಗೆಯೇ ಉಳಿಯುತ್ತದೆ. ಅವನು ದೋಣಿಯ ಅಂಚು ಹಿಡಿದು ಎದ್ದು ನಿಂತ. 

"ಸರಿಹೋಗಿಲ್ಲ. ಅವರ ಕಣ್ಣು ಕೆಟ್ಟೇ ಇರಲಿಲ್ಲ" ಎಂದ. "ಬಲಗಡೆ ಗಾಜನ್ನ ನಾನು ತಪ್ಪು ಕೂರಿಸಿದ್ದೆ."

ಇಂಜಿನ್ನು ಮೆಲ್ಲಗೆ ಕೆಮ್ಮುತ್ತಿತ್ತು. ಊರಿನಲ್ಲಿ ಕನ್ನಡಕದ ಅಂಗಡಿ ಇದ್ದದ್ದು ಅದೊಂದೇ. ಅಂಚೆ ಮಾಸ್ತರು ಮೆಲ್ಲಗೆ, ಬೇರೇನೋ ಕೆಲಸವಿದ್ದವರಂತೆ, ತಮ್ಮ ಬಲಗಣ್ಣು ಮುಚ್ಚಿ ದಡದ ಕಡೆ ನೋಡಿದರು. ಅದನ್ನು ತೆರೆದು ಎಡಗಣ್ಣು ಮುಚ್ಚಿದರು. ಕ್ಷೌರದಂಗಡಿಯವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದು ಕಣ್ಣಿನಲ್ಲಿ ತನ್ನ ಅಂಗೈಯನ್ನೂ ಇನ್ನೊಂದರಲ್ಲಿ ಬೇಕರಿಯವನನ್ನೂ ನೋಡಿ, ನಂದು ಸರಿ ಇದ್ದಹಾಗಿದೆ ಎಂದ. ಬೇಕರಿಯವನತ್ತ ಬೆರಳು ತೋರಿಸಿ, ಇವನು ಮೊದಲಿಂದಲೂ ಹೀಗೇನಾ ಎಂದು ವಿಚಾರಿಸಿದ. ಕನ್ನಡಕವೇ ಇಲ್ಲದ ಬೇಕರಿಯವನೂ ತಾನೊಬ್ಬ ಯಾಕೆ ಹಿಂದೆ ಬೀಳಬೇಕೆಂದು ಒಂದು ಕಣ್ಣು ಮುಚ್ಚಿದ. ದೋಣಿಯವನು ಹಣೆಯ ಮೇಲಿದ್ದದ್ದನ್ನು ಮೂಗಿಗಿಳಿಸಿಕೊಂಡು ಒಂದೇ ಕಣ್ಣಿನಲ್ಲಿ ದಿಗಂತ ಅಳೆಯತೊಡಗಿದಾಗ, ನೀನೊಬ್ಬ ಎರಡೂ ತೆರೆದು ಓಡಿಸಪ್ಪ ಎಂದರು ಮಾವ, ಮತ್ತು ಇಡೀ ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಒಬ್ಬೊಬ್ಬರ ಮುಖವನ್ನೂ ತೀರ್ಪು ಕಾಯುವವನಂತೆ ನೋಡುತ್ತಿದ್ದ, ಎಲ್ಲರ ಕನ್ನಡಕವನ್ನೂ ನಾಳೆಯೇ ಯಂತ್ರಕ್ಕಿಟ್ಟು ನೋಡುತ್ತೇನೆಂದು ಹೇಳುತ್ತಿದ್ದ, ಹೇಳುತ್ತಿದ್ದಂತೆ ತನಗೂ ನಗು ಬರುತ್ತಿದೆಯೆಂದು ಗೊತ್ತಾಗಿ ಗಾಬರಿಯಾದ. ದಡ ಹತ್ತಿರವಾಯಿತು. ಕಟ್ಟೆಯ ತುದಿಯಲ್ಲಿ ಔಷಧಿ ಅಂಗಡಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜಾಗ ಖಾಲಿಯಾದ ಸುದ್ದಿಗೆ ಕಾಯುತ್ತ ನಿಂತಿದ್ದ. ದೋಣಿಯ ತುಂಬ ಹಿರಿಯರು ಒಬ್ಬೊಬ್ಬರಾಗಿ ತನ್ನತ್ತ ಕಣ್ಣು ಹೊಡೆಯುತ್ತಿರುವುದನ್ನು ನೋಡಿ ಆತ ಮೊದಲು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಆಮೇಲೆ, ಮೂರು ವರ್ಷ ಕಾದವನ ವಿನಯದಿಂದ, ಆತನೂ ಒಂದು ಕಣ್ಣು ಹೊಡೆದ.